ಬಳೆ ಚೆನ್ನಾಜಮ್ಮನ ಬಿಳಿ ಬೊಂಬೆ

ನಿಮ್ಮೂರಿನಲ್ಲಿ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಎಲ್ಲಿಗೆ ಹೋಗುತ್ತಾರೋ ನನಗೆ ತಿಳಿಯದು. ನಮ್ಮೂರಿನಲ್ಲಿ ಮೊದಲು ಟಾಕೀಸಿಗೆ ಹೋಗುತ್ತಾರೆ. ಟಾಕೀಸಿನಲ್ಲಿ ಸಿನಿಮಾ ನಿಂತು ಎಷ್ಟೋ ಕಾಲವಾಯಿತು. ತೆರೆ ಹರಿದಿದೆ, ಕುರ್ಚಿಗಳನ್ನು ಇಲಿಗಳು ತಿಂದು ಮುಗಿಸಿವೆ. ಆದರೆ ಟಿಕೆಟ್ ಕೊಡುತ್ತಿದ್ದ ಕಿಂಡಿಯ ಒಳಗೆ ಒಂದು ಕಂಪ್ಯೂಟರು ಇದೆ, ಅದರಲ್ಲಿ ಊರು ಕಟ್ಟುವ ಆಟವೊಂದು ತನ್ನಷ್ಟಕ್ಕೆ ತಾನು ನಡೆಯುತ್ತಿರುತ್ತದೆ. ಹಿಂದೆ ಷಣ್ಮುಖಪ್ಪ ಅಲ್ಲಿ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಉಳಿದ ಮಿಷನ್ನುಗಳೆಲ್ಲ ಕೆಟ್ಟುಹೋದವು, ಇದೊಂದು ಕೆಡಲಿಲ್ಲ. ಆಮೇಲೊಂದು ದಿನ ಯಾರೋ ಗಮನಿಸಿದರು, ಆಟದ ಊರಿನಲ್ಲಿ ಓಡಾಡುತ್ತಿರುವ ಬೊಂಬೆಗಳು ನಾವೇ ಅಂತ. ಅದೇ ನಮ್ಮ ಬೀದಿ, ಅದೇ ಸಿಹಿನೀರಿನ ಬಾವಿ, ಅದೇ ಮಂಡಕ್ಕಿ ಭಟ್ಟಿಗಳ ಹೊಗೆ. ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಸೊಂಟ ಬಳುಕಿಸುತ್ತ ನಡೆಯುವ ನಾನೂ ಅಲ್ಲಿದ್ದೇನೆ. ಸೊಂಟದ ಮಾತು ಷಣ್ಮುಖಪ್ಪ ಹೇಳಿದ್ದು, ನಾನಲ್ಲ.

ಆ ಆಟವನ್ನು ಯಾರೂ ಆಡುವುದಿಲ್ಲ, ನೋಡುತ್ತಾರೆ ಅಷ್ಟೆ. ಹೆಸರು ಹೇಳಿದರೆ ಷಣ್ಮುಖಪ್ಪ ನಮ್ಮ ಬೊಂಬೆಯ ಮೇಲೆ ಮೌಸಿನಿಂದ ಒತ್ತುತ್ತಾನೆ. ಪಕ್ಕದಲ್ಲಿ ಅದೇ ಬೊಂಬೆ ದೊಡ್ಡದಾಗಿ ಕೈಕಾಲು ಚಾಚಿ ನಿಲ್ಲುತ್ತದೆ. ಎಲ್ಲಿ ಪೆಟ್ಟಾಗಿದೆಯೋ ಅಲ್ಲಿ ಬಣ್ಣ. ತರಚಿದ್ದು, ಉಳುಕಿದ್ದು ಹಳದಿ. ಅದಕ್ಕಿಂತ ಜೋರಿದ್ದರೆ ಕಿತ್ತಳೆ. ಮುರಿದಿದ್ದರೆ, ಒಳಗೆ ಕಿತ್ತುಹೋಗಿದ್ದರೆ ಕೆಂಪು. ಕೆಂಪಾದ ಅಂಗವನ್ನು ಆಗಲೂ ದುಡಿಸಿದರೆ ಬೂದಿಯ ಬಣ್ಣ ಬರುತ್ತದೆ. ಬೂದಿ ಬಂದ ಕೈ ಮತ್ತೆ ಲೋಟ ಎತ್ತಿದ್ದನ್ನು ನಾನಂತೂ ನೋಡಿಲ್ಲ. ಏನೂ ಇಲ್ಲದಿದ್ದರೆ ಬಿಳಿ.

ಊರೇ ಇದಕ್ಕೆ ಒಗ್ಗಿಕೊಂಡಿತು. ಹಳದಿಯಾದವರಿಗೆ ಕೂತು ಮಾಡುವ ಕೆಲಸ. ಕಿತ್ತಳೆಗೆ ರಜೆ. ಕೆಂಪಾದರೆ ಚಾಪೆ, ದಿಂಬು, ಎಳನೀರು ಹಿಡಿದುಕೊಂಡು ಬರುವ ನೆಂಟರು. ಬಿಳಿಯಿದ್ದವರು ಅಯ್ಯೋ ಅಂದರೆ ಊರು ನಗುತ್ತಿತ್ತು. "ಬೊಂಬೆ ತೋರ್ಸು ಆಮೇಲೆ ಅಳು" ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಬಾಯಿಗೆ ಬಂದ ಮಾತು. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮೊದಲು ಟಾಕೀಸಿಗೆ ಹೋಗಿ ಬರುತ್ತಿದ್ದರು. ಇದರಲ್ಲಿ ವಿಚಿತ್ರವೇನಿದೆ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ.

ಇನ್ನು ನನ್ನ ಬೊಂಬೆ. ಅದರ ಕಥೆ ಬೇರೆಯೇ. ಗಂಡ ಹೋದ ಮೇಲೆ ಒಂದೇ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಅಂದಿನಿಂದ ನನ್ನ ಬೊಂಬೆಯ ಮೇಲೆ ಒಂದು ಚುಕ್ಕೆಯೂ ಬಂದಿರಲಿಲ್ಲ. "ಚೆನ್ನಾಜಮ್ಮ ಕಲ್ಲುಗುಂಡು" ಅನ್ನುತ್ತಿದ್ದರು, ನನಗೂ ಒಳಗೊಳಗೆ ಜಂಬ. ಒಂದು ಸಲ ಕಾದ ಎಣ್ಣೆ ಪಾದದ ಮೇಲೆ ಸುರಿದುಕೊಂಡಿದ್ದೆ. ಕುಂಟುತ್ತ ಟಾಕೀಸಿಗೆ ಹೋದರೆ ಷಣ್ಮುಖಪ್ಪ ತಲೆ ಎತ್ತದೆಯೇ "ಬಿಳಿ ಐತೆ, ಏನೂ ಆಗಿಲ್ಲ ಹೋಗಕ್ಕಾ" ಅಂದ. ಸರಿ, ಏನೂ ಆಗಿಲ್ಲ ಅಂತ ಸಮಾಧಾನ ಮಾಡಿಕೊಂಡು ಬಂದೆ. ಏನೂ ಆಗದ ಆ ಕಾಲಿನಲ್ಲಿ ಮಳೆಗಾಲವೆಲ್ಲ ಕುಂಟಿದೆ. ನನ್ನ ಹಾಗೆಯೇ ಇನ್ನೊಬ್ಬನಿದ್ದ, ಛತ್ರಿ ರಿಪೇರಿಯ ಈರಯ್ಯ. ಅವನೂ ಒಂಟಿ, ಅವನ ಬೊಂಬೆಯೂ ಹಾಲಿನ ಬಿಳುಪು. ಒಂದು ದಿನ ಆ ಬಿಳಿ ಬೊಂಬೆ ಪಕ್ಕಕ್ಕೆ ಒರಗಿ ಮಾಯವಾಯಿತು. ಬಾಗಿಲು ತೆಗೆದರೆ ಮುದುಕ ಹೋಗಿಬಿಟ್ಟಿದ್ದ. ಒಂದು ಕಲೆಯಿಲ್ಲದೆ ಹೋದ ಪುಣ್ಯಾತ್ಮ ಎಂದು ಊರು ಕೊಂಡಾಡಿತು. ನಾನೂ ಕೊಂಡಾಡಿದೆ.

ನನ್ನ ಕಸುಬು ಬಳೆ ತೊಡಿಸುವುದು. ಅದು ಮಾರುವುದಕ್ಕಿಂತ ಕಷ್ಟ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೆರಳ ಗಿಣ್ಣುಗಳನ್ನು ಒಂದರ ಮೇಲೊಂದು ಒತ್ತಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಎಲ್ಲಿ ಮೆತ್ತಗಿದೆ, ಎಲ್ಲಿ ಗಡುಸಿದೆ ಎಂದು ತಡವಿ ನೋಡಬೇಕು. "ನೋಯ್ತದಾ? ಇಲ್ಲಿ? ಇಲ್ಲಿ?" ಅಂತ ಕೇಳುತ್ತಲೇ ಜಾರಿಸಬೇಕು. ಕೇಳದೆ ತೊಡಿಸಿದರೆ ಬಳೆಯೂ ಒಡೆಯುತ್ತದೆ, ಕೈಯೂ ಹರಿಯುತ್ತದೆ. ನನ್ನ ಅತ್ತೆ ಕಲಿಸಿದ್ದೇ ಹಾಗೆ.

ಭಟ್ಟಿ ಬೀದಿಯ ಹೆಂಗಸರ ಕೈ ಬಹಳ ಗಡುಸು. ಕಾದ ಮರಳಿಗೆ ಅಕ್ಕಿ ಸುರಿದು, ಉದ್ದ ಹಿಡಿಯ ಸೌಟಿನಿಂದ ಬೆಳಗಿನಿಂದ ತಿರುವುತ್ತಲೇ ಇರಬೇಕು. ಅಕ್ಕಿ ಅರಳಿ ಮಂಡಕ್ಕಿಯಾದ ಕೂಡಲೇ ಜರಡಿಗೆ ಎತ್ತಿ ಹಾಕಬೇಕು, ಒಂದು ಗಳಿಗೆ ತಡವಾದರೆ ಸೀದುಹೋಗುತ್ತದೆ. ಆ ಬೀದಿಯ ದೊಡ್ಡ ಭಟ್ಟಿ ಹಾಲಮ್ಮನದು. ಹಾಲಮ್ಮ ನನ್ನ ಓರಗೆಯವಳು, ಚಿಕ್ಕಂದಿನಲ್ಲಿ ಒಟ್ಟಿಗೆ ಕುಂಟೆಬಿಲ್ಲೆ ಆಡಿದವಳು. ಅವಳ ಸೊಸೆ ತ್ರಿವೇಣಿ ಬಡಕಲು ಮೈಯ ಹುಡುಗಿ. ಗಂಡ ಮಂಡಕ್ಕಿ ಮೂಟೆಯ ಲಾರಿ ಓಡಿಸುತ್ತಾನೆ. ಊರಿಗೆ ಬಂದವನು ಮೊದಲು ಟಾಕೀಸಿನಲ್ಲಿ ಹೆಂಡತಿಯ ಬೊಂಬೆ ನೋಡಿ, ಬಿಳಿಯಿದೆ ಎಂದು ಖುಷಿಯಾಗಿ ಮನೆಗೆ ಹೋಗುತ್ತಾನೆ. ಒಳ್ಳೆಯ ಹುಡುಗನೇ, ತಪ್ಪು ಹೇಳುವಂತಿಲ್ಲ.

ಹಿಂದೆಲ್ಲ ಭಟ್ಟಿ ಬೀದಿಯವರು ಒಬ್ಬೊಬ್ಬರಾಗಿ ಬರುತ್ತಿದ್ದರು, ಆಮೇಲೆ ಅಲ್ಲೊಂದು ಇಲ್ಲೊಂದು ಕೈ ಹಳದಿಯಾದರೂ ಯಾರೂ ಅದನ್ನು ಬಳೆಗೆ ಗಂಟು ಹಾಕಿರಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಎಲ್ಲರೂ ಒಂದೇ ದಿನ ಬಳೆ ತೊಡಿಸಿಕೊಂಡರು. ಹಾಲಮ್ಮನ ಜಗುಲಿಯಲ್ಲೇ ಕೂತು ತೊಡಿಸಿದೆ. ತ್ರಿವೇಣಿ ಮಾತ್ರ ಬರಲಿಲ್ಲ. ಅವಳು ಒಲೆಯ ಮುಂದಿಂದ ಏಳುವಂತಿರಲಿಲ್ಲ, ಆಮೇಲೆ ತೊಡಿಸಿಕೊಳ್ಳಲಿ ಎಂದಳು ಅತ್ತೆ. ಸಂಜೆ ನಾನು ಮಲಾರ ಕಟ್ಟುವಷ್ಟರಲ್ಲಿ ಷಣ್ಮುಖಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ. "ಏನ್ ಮಾಡಿಬಿಟ್ಟೆ ಚೆನ್ನಾಜಕ್ಕಾ! ಭಟ್ಟಿ ಬೀದಿ ಹೆಂಗಸ್ರ ಬಲಗೈಯೆಲ್ಲ ಹಳದಿ ಹಳದಿ! ಇಬ್ಬರದು ಕಿತ್ತಳೆ!" ಜಗುಲಿಯ ಮೇಲಿದ್ದವರೆಲ್ಲ ತಮ್ಮ ಕೈ ನೋಡಿಕೊಂಡರು, ಆಮೇಲೆ ನನ್ನ ಕೈ ನೋಡಿದರು.

ಮರುದಿನ ಹಾಲಮ್ಮನ ಭಟ್ಟಿ ಮುಕ್ಕಾಲು ಖಾಲಿ. ಹಳದಿಯವರು ಮೂಲೆಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸತೊಡಗಿದರು, ಕಿತ್ತಳೆಯವರು ಮನೆಯಲ್ಲಿ ಮಲಗಿದರು. ಬಿಳಿಯಿದ್ದವಳು ತ್ರಿವೇಣಿ ಒಬ್ಬಳೇ. ಎಲ್ಲರ ಪಾಲಿನ ಮರಳೂ ಅವಳ ಬಾಣಲೆಗೆ ಬಂತು. ಹಾಲಮ್ಮ ಬೀದಿಯಲ್ಲಿ ನಿಂತು ನನ್ನ ಮೇಲೆ ಬಾಯಿ ಮಾಡಿದಳು. "ನಿನ್ನ ಕೈಗೆ ಬೆಂಕಿ ಹಾಕ! ಹಬ್ಬದ ಸುಗ್ಗೀಲಿ ನನ್ನ ಭಟ್ಟಿ ಮುಳುಗಿಸಿದೆಯಲ್ಲೇ ಚೆನ್ನಾಜಿ! ಇನ್ನ್ಮೇಲೆ ಬಳೆ ಮಾರ್ಕೊಂಡು ಹೋಗು, ಯಾರ ಕೈನೂ ಮುಟ್ಟಕೂಡ್ದು." ಊರು ಹೌದು ಹೌದು ಅಂದಿತು. ಮತ್ತೆ ಮುಟ್ಟಿ ಯಾರಿಗಾದರೂ ಬಣ್ಣ ಬಂದರೆ ಊರಲ್ಲೇ ನನಗೆ ಜಾಗವಿಲ್ಲ ಎಂದು ಹಿರಿಯರು ಹೇಳಿ ಕಳಿಸಿದರು.

ನನಗೆ ಅಳು ಬಂತು, ಸಿಟ್ಟೂ ಬಂತು. ಈ ಕೈ ಎಷ್ಟು ಬಾಣಂತಿಯರಿಗೆ, ಎಷ್ಟು ಮದುಮಕ್ಕಳಿಗೆ ಬಳೆ ತೊಡಿಸಿಲ್ಲ! ಹೆಂಗಸರು ಕೈಗೆ ಸೋಪು ಹಚ್ಚಿಕೊಂಡು ತಾವೇ ತೊಟ್ಟರು. ಅರ್ಧ ಬಳೆ ಒಡೆದವು, ಅಂಗೈ ಕೊಯ್ದುಕೊಂಡರು, ಅದಕ್ಕೂ ನನ್ನ ಬಳೆಯೇ ಕಚ್ಚುತ್ತದೆ ಅಂದರು. ಆದರೆ ಅಳು ನಿಂತ ಮೇಲೆ ತಲೆಯಲ್ಲಿ ಒಂದು ಹುಳ ಕೊರೆಯತೊಡಗಿತು. ಭಟ್ಟಿ ಬೀದಿಗೆ ಹೋಗುವ ಹಿಂದಿನ ದಿನವೇ ನಾನು ದೇವಸ್ಥಾನದ ಬೀದಿಯಲ್ಲೂ ತೊಡಿಸಿದ್ದೆ. ಹೂ ಕಟ್ಟುವವರ, ಪಾಠ ಹೇಳುವ ಟೀಚರಮ್ಮನ ಕೈಗಳು. ಅವರ ಯಾರ ಕೈಯೂ ಹಳದಿಯಾಗಲಿಲ್ಲ. ನನ್ನ ಕೈಯಲ್ಲಿ ವಿಷವಿದ್ದರೆ ಅದು ಬೀದಿ ನೋಡಿ ಸುರಿಯುತ್ತದೆಯೇ?

ಕುತೂಹಲ ಬಂದರೆ ನನಗೆ ಅನ್ನ ಸೇರುವುದಿಲ್ಲ. ನೇರ ಟಾಕೀಸಿಗೆ ಹೋದೆ. ಷಣ್ಮುಖಪ್ಪ ನನ್ನನ್ನು ಕಂಡವನೇ ಕುರ್ಚಿಯನ್ನು ಗೋಡೆಗೆ ತಳ್ಳಿಕೊಂಡ. "ಅಲ್ಲೇ ನಿಲ್ಲಕ್ಕಾ, ಕಿಂಡಿಯಿಂದಾಚೆ. ಮುಟ್ಬೇಡ." "ಮುಟ್ಟಲ್ಲ ಕಣಪ್ಪಾ, ನೀನೇನು ಮದುಮಗಳಾ ಬಳೆ ತೊಡಿಸೋಕೆ?" ಅಂದೆ. ಅವನು ಮಾತಾಡುತ್ತ ಮಾತಾಡುತ್ತ ಕತ್ತನ್ನು ಒಂದು ಕಡೆಗೆ ಎಳೆಯುತ್ತಿದ್ದ. ದಿನವೂ ಎಳೆಯುತ್ತಾನೆ. ನಾವೆಲ್ಲ ಅದನ್ನು ಅವನ ಚಟ ಅಂದುಕೊಂಡಿದ್ದೆವು. "ಏನೋ ಅದು? ಕತ್ತು ನೋಯ್ತದಾ?" "ಇಲ್ಲಕ್ಕಾ, ನಂದು ಬಿಳಿ." "ಬಿಳಿ ಇರ್ಲಿ, ನಾನು ಕೇಳಿದ್ದು ನೋಯ್ತದಾ ಅಂತ. ಎಡಕ್ಕೆ ತಿರುಗ್ಸು ನೋಡಾಣ. ಎಲ್ಲಿ ಹಿಡೀತದೆ? ಕಿವಿ ಕೆಳಗಾ? ಬೆನ್ನಿಗೂ ಇಳೀತದಾ?" ಅವನು ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸಿದ. ನಾನು ಕಿಂಡಿಗೆ ಮೂಗು ಒತ್ತಿಕೊಂಡು ಸರಿಯಾಗಿ ನೋಡಿದೆ. ಅಲ್ಲಿ ನರವೊಂದು ಹಗ್ಗ ಹೊಸೆದ ಹಾಗೆ ಗಂಟಾಗಿತ್ತು. ಪಾಪ, ಮನುಷ್ಯ ಹೇಗೆ ತಡೆದುಕೊಂಡಿದ್ದನೋ!

ಅವನು ಕಣ್ಣು ಬಿಟ್ಟಾಗ ಅವನ ಬೊಂಬೆಯ ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. "ಅಯ್ಯಯ್ಯೋ! ನೀನು ಮುಟ್ಟಲೂ ಇಲ್ಲವಲ್ಲಕ್ಕಾ! ಕಣ್ಣಲ್ಲೇ ಮಾಡಿಬಿಟ್ಟೆಯಾ?" "ಮುಚ್ಚೋ ಬಾಯಿ. ಆ ನೋವು ಇವತ್ತು ಬಂತಾ?" "ಇಲ್ಲ. ಈ ಕುರ್ಚೀಲಿ ಕೂತಾಗಿಂದ ಐತೆ." "ಮತ್ತೆ ನಾನೆಲ್ಲಿ ಮಾಡ್ದೆ?" ಅವನು ಮತ್ತೆ ಕತ್ತು ಮುಟ್ಟಿ ನೋಡಿಕೊಂಡ. ಹಾಗಾದರೆ ಬಣ್ಣ ಬರುವುದು ಪೆಟ್ಟಾದಾಗ ಅಲ್ಲ. ಇನ್ನೊಬ್ಬರು ಅದನ್ನು ನೋಡಿದಾಗ. ಮರದಿಂದ ಬಿದ್ದವನ ಸುತ್ತ ಊರೇ ಸೇರುತ್ತದೆ, ಅದಕ್ಕೇ ಅವನ ಬೊಂಬೆ ಕೂಡಲೇ ಕೆಂಪಾಗುತ್ತದೆ. ಮಗುವಿನ ಮಂಡಿ ತರಚಿದರೆ ತಾಯಿ ಊದುತ್ತಾಳೆ, ಅದಕ್ಕೇ ಹಳದಿ. ಬಿಳಿಯೆಂದರೆ ಆರೋಗ್ಯ ಅಂತ ನಮಗೆ ಹೇಳಿದವರು ಯಾರು? ಯಾರೂ ಹೇಳಿರಲಿಲ್ಲ, ನಾವೇ ಅಂದುಕೊಂಡಿದ್ದೆವು.

ಆದರೆ ಷಣ್ಮುಖಪ್ಪನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಅವನು ಸರಿಯಾಗಿಯೇ ಹೇಳಿದನಂತೆ, ಊರು ಮಾತ್ರ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡಿತು. ಚೆನ್ನಾಜಮ್ಮ ಮುಟ್ಟುವುದೇ ಬೇಡವಂತೆ, ನೋಡಿದರೂ ಸಾಕಂತೆ, ಷಣ್ಮುಖಪ್ಪನ ಕತ್ತು ಮುರಿಯಿತಂತೆ. ಬೀದಿಯಲ್ಲಿ ನಾನು ಬಂದರೆ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚತೊಡಗಿದರು. ಮಲಾರ ಹೊತ್ತು ಹೋದವಳು ಒಂದು ಬಳೆಯೂ ಮಾರದೆ ಬರುತ್ತಿದ್ದೆ.

ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ ತ್ರಿವೇಣಿ ಹಿತ್ತಿಲ ಬಾಗಿಲಿಗೆ ಬಂದಳು. ಬಲಗೈಯನ್ನು ಎಡಗೈಯಿಂದ ಹೊಟ್ಟೆಗೆ ಅವುಚಿಕೊಂಡಿದ್ದಳು. ಮುಖದಲ್ಲಿ ನೆತ್ತರಿಲ್ಲ. "ಚೆನ್ನಾಜಮ್ಮಾ, ಸೌಟು ಹಿಡಿಯೋಕಾಗ್ತಿಲ್ಲ. ರಾತ್ರಿ ನಿದ್ದೆ ಬರಲ್ಲ. ಅತ್ತೆ ಟಾಕೀಸಿಗೆ ಹೋಗಿ ನೋಡ್ಕೊಂಡು ಬಂದು, ಬಿಳಿ ಐತೆ, ನಾಟಕ ಆಡ್ಬೇಡ ಅಂತಾರೆ. ಹೌದೇನೋ ಅಂತ ನಂಗೂ ಅನ್ನಿಸ್ತದೆ. ನೀವು ನೋಡಿದ್ರೆ ಬಣ್ಣ ಬರ್ತದಂತಲ್ಲ, ಒಂದ್ಸಲ ನೋಡಿ. ನಿಜವಾಗ್ಲೂ ನೋವಿದೆಯಾ ಅಂತ ನಂಗಾದ್ರೂ ಗೊತ್ತಾಗ್ಲಿ." ತನಗೆ ನೋಯುತ್ತಿದೆಯೋ ಇಲ್ಲವೋ ಎಂದು ಬೇರೆಯವರನ್ನು ಕೇಳಿಕೊಂಡು ಬಂದಿದೆಯಲ್ಲ ಈ ಕೂಸು!

ನೋಡಿಬಿಡಬೇಕು ಅಂತ ಕೈ ಮುಂದೆ ಹೋಯಿತು. ಹಾಗೆಯೇ ಹಿಂದಕ್ಕೆ ಎಳೆದುಕೊಂಡು ಮುಖ ಬೇರೆ ಕಡೆ ತಿರುಗಿಸಿದೆ. ನಾನು ನೋಡಿದರೆ ಆ ಕೈ ಕೆಂಪಾಗುತ್ತದೆ. ಚೆನ್ನಾಜಮ್ಮನೇ ಸುಟ್ಟಳು ಎಂದು ನನ್ನನ್ನು ಅಟ್ಟುತ್ತಾರೆ. ಅದು ಹಾಳಾಗಲಿ, ನಾನು ಹೋದ ಮೇಲೆ ಇವಳ ಗತಿ ಏನು? ಮಾಟ ಕಳೆಯಿತು, ಏಳು ಎಂದು ಮತ್ತೆ ಒಲೆಯ ಮುಂದೆ ಕೂರಿಸುತ್ತಾರೆ. ಇನ್ನು ಸ್ವಲ್ಪ ದಿನ ತಿರುವಿದರೆ ಬೂದಿ. ಇಪ್ಪತ್ತು ತುಂಬಿದ ಹುಡುಗಿಗೆ ಬೂದಿಯ ಕೈ. "ಮುಚ್ಕೋ ಮಗಾ, ನಂಗೆ ತೋರಿಸ್ಬೇಡ. ನಡಿ ಟಾಕೀಸಿಗೆ. ಯಾರು ನೋಡ್ಬೇಕೋ ಅವರೇ ನೋಡ್ಲಿ," ಅಂದೆ.

ನಾನು ತ್ರಿವೇಣಿಯನ್ನು ಹಿಂದಿಟ್ಟುಕೊಂಡು ಭಟ್ಟಿ ಬೀದಿಯ ನಡುವೆಯೇ ಹೋದೆ. ಹಾಗೆ ಹೋದರೆ ಜನ ಸೇರದೇ ಇರುತ್ತಾರೆಯೇ? ಟಾಕೀಸು ಮುಟ್ಟುವಷ್ಟರಲ್ಲಿ ಹಳದಿಯವರು, ಕಿತ್ತಳೆಯವರು, ಮೂಟೆ ಹೊರುವ ಹಮಾಲಿಗಳು, ದೇವಸ್ಥಾನದ ಬೀದಿಯವರು ಎಲ್ಲ ಬೆನ್ನಿಗಿದ್ದರು. ಹಾಲಮ್ಮ ಮೈಗೆಲ್ಲ ಬೂದಿ ಮೆತ್ತಿಕೊಂಡು ಓಡಿ ಬಂದಳು. "ಏಯ್ ಚೆನ್ನಾಜಿ! ನನ್ನ ಸೊಸೇನ ಮುಟ್ಟಿದ್ರೆ ನೋಡು ಮತ್ತೆ!" "ಮುಟ್ಟಿಲ್ಲ ಕಣೇ. ನೋಡಿಯೂ ಇಲ್ಲ. ಷಣ್ಮುಖಾ, ತ್ರಿವೇಣಿ ಬೊಂಬೆ ತೆಗಿ." ಅವನು ಒತ್ತಿದ. ಬೊಂಬೆ ತಲೆಯಿಂದ ಕಾಲಿನವರೆಗೆ ಬಿಳಿ. "ನೋಡಿದ್ರಾ, ಏನೂ ಇಲ್ಲ," ಅಂದಳು ಹಾಲಮ್ಮ.

"ಏನೂ ಇಲ್ಲ ತಾನೆ? ಹಂಗಾದ್ರೆ ನೀನೇ ಅವಳ ಕೈ ಹಿಡ್ಕೊಂಡು ನೋಡು. ಎಲ್ಲಿ ನೋಯ್ತದೆ ಅಂತ ಒಂದೇ ಒಂದ್ಸಲ ಕೇಳು. ನಾನು ಗೋಡೆ ಕಡೆ ತಿರುಗಿ ಮುಸುಕು ಹಾಕ್ಕೊಂಡು ನಿಲ್ತೀನಿ. ಆಗ್ಲೂ ಬಿಳಿಯಾಗೇ ಇದ್ರೆ ನಾಳೆ ನೀನು ಅಟ್ಟೋದು ಬೇಡ, ನಾನೇ ಮಲಾರ ಹೊತ್ಕೊಂಡು ಊರು ಬಿಡ್ತೀನಿ." "ಬಿಳಿ ಇರೋ ಕೈನ ನಾನ್ಯಾಕೆ ನೋಡ್ಲಿ?" "ಯಾಕೆ, ಭಯಾನಾ ಹಾಲಮ್ಮಾ?" ಭಯ ಎಂದರೆ ಹಾಲಮ್ಮನಿಗೆ ಆಗದು, ಕುಂಟೆಬಿಲ್ಲೆಯ ಕಾಲದಿಂದಲೂ ನನಗೆ ಗೊತ್ತು. "ಭಯ ಅಂತೆ! ಬಾರೇ ಇಲ್ಲಿ," ಎಂದು ಸೊಸೆಯನ್ನು ಕರೆದಳು.

ನಾನು ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಹಣೆ ಹಚ್ಚಿ ನಿಂತೆ. ನನ್ನ ಲೆಕ್ಕ ತಪ್ಪಿದ್ದರೆ? ಮೊದಲು ಹಾಲಮ್ಮನ ದನಿ ಗಡುಸಾಗಿತ್ತು. "ಎಲ್ಲೇ? ಮಣಿಕಟ್ಟಾ?" "ಹೂಂ ಅತ್ತೆ." "ಹಿಂಗೆ ಅಂದ್ರೆ?" "ಹಾಂ... ಹಾಂ, ಅಲ್ಲೇ." ಹಿಂದೆ ಷಣ್ಮುಖಪ್ಪ ಉಸಿರೆಳೆದುಕೊಂಡ. "ಹಳದಿ," ಅಂದ. "ಇದ್ಯಾಕೆ ಇಷ್ಟು ಊದೈತೆ? ಇಲ್ಲೂ ನೋಯ್ತದಾ?" ಈಗ ಹಾಲಮ್ಮನ ದನಿ ಇಳಿದಿತ್ತು. "ಮೇಲಕ್ಕೂ ಅತ್ತೆ, ಮೊಣಕೈವರೆಗೂ. ಅತ್ತೇ, ನಿಧಾನ, ಅಮ್ಮಾ..." "ಕಿತ್ತಳೆ," ಅಂದ ಷಣ್ಮುಖಪ್ಪ. ಆಮೇಲೆ ಬಹಳ ಮೆಲ್ಲಗೆ ಹೇಳಿದ. "ಚೆನ್ನಾಜಕ್ಕಾ, ಕೆಂಪು. ಪೂರ್ತಿ ಕೆಂಪು."

ನಾನು ತಿರುಗಿದೆ. ಹಾಲಮ್ಮ ಸೊಸೆಯ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಗರ ಬಡಿದವಳಂತೆ ನಿಂತಿದ್ದಳು. "ನಾನೇನೂ ಮಾಡ್ಲಿಲ್ಲ ಕಣೇ ಚೆನ್ನಾಜಿ. ಸುಮ್ನೆ ಹಿಡ್ಕೊಂಡೆ ಅಷ್ಟೆ. ದೇವ್ರಾಣೆಗೂ ನಾನೇನೂ ಮಾಡ್ಲಿಲ್ಲ." "ನಾನೂ ಏನೂ ಮಾಡಿರ್ಲಿಲ್ಲ ಕಣೇ ಹಾಲಮ್ಮಾ," ಅಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಬೆಳಗಿನಿಂದ ಆ ಕೈಯಲ್ಲೇ ಮರಳು ತಿರುವಿಸಿದ್ದಳಲ್ಲ. ಸೊಸೆಯ ಕೈಯನ್ನು ಬಿಡದೆಯೇ ಅಲ್ಲೇ ನೆಲದ ಮೇಲೆ ಕೂತಳು, ಅವಳನ್ನೂ ಕೂರಿಸಿಕೊಂಡಳು. "ಹೇಳಬಾರ್ದೇನೇ ನನ್ನ ತಾಯಿ," ಅಂದಳು. ತ್ರಿವೇಣಿ ಹೇಳಿದ್ದಳು. ಅದು ಹಾಲಮ್ಮನಿಗೂ ನೆನಪಾಗಿರಬೇಕು, ಆ ಕೈಯನ್ನು ಮೆಲ್ಲಗೆ ತನ್ನ ಮಡಿಲಲ್ಲಿಟ್ಟುಕೊಂಡಳು.

ಆಮೇಲೆ ಒಬ್ಬೊಬ್ಬರೇ ಪಕ್ಕದವರ ಕಡೆ ತಿರುಗಿದರು. ಹಮಾಲಿಯೊಬ್ಬ ಇನ್ನೊಬ್ಬ ಹಮಾಲಿಯ ಅಂಗಿ ಎತ್ತಿ ಬೆನ್ನು ನೋಡಿದ. ಟೀಚರಮ್ಮ ಹೂವಾಡಗಿತ್ತಿಯ ಮಂಡಿ ಮುಟ್ಟಿ ಏನೋ ಕೇಳಿದಳು. ಆಟದ ಊರಿನಲ್ಲಿ ಪುಟ್ಟ ಪುಟ್ಟ ಬೊಂಬೆಗಳಿಗೆ ಬಣ್ಣ ಹತ್ತತೊಡಗಿತು. ನಾವೆಲ್ಲ ಇಷ್ಟು ವರ್ಷ ಇಷ್ಟೊಂದು ನೋವಿಟ್ಟುಕೊಂಡು ಓಡಾಡುತ್ತಿದ್ದೆವೆಂದು ಯಾರಿಗೆ ಗೊತ್ತಿತ್ತು! ಷಣ್ಮುಖಪ್ಪ ತನ್ನ ಕತ್ತಿನ ಮೇಲೆ ಕೈಯಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದವನು ನನ್ನ ಕಡೆ ತಿರುಗಿದ. "ಹಂಗಾದ್ರೆ ಅಕ್ಕಾ, ಈರಯ್ಯ?"

ಅವನಿಂದ ಛತ್ರಿ ಸರಿಮಾಡಿಸಿಕೊಳ್ಳದವರು ಅಲ್ಲಿ ಯಾರಿದ್ದರು? ನನ್ನ ಛತ್ರಿಯನ್ನೂ ಅವನೇ ಹೊಲಿದುಕೊಟ್ಟಿದ್ದ. ಕೊಡುವಾಗ ಎದೆ ಒತ್ತಿಕೊಂಡಿದ್ದ. ಬಿಳಿ ಬೊಂಬೆಯ ಮನುಷ್ಯ, ಏನಾಗುತ್ತದೆ ಅಂತ ನಾನು ಮಳೆ ನಿಲ್ಲುವ ಮೊದಲೇ ಹೊರಟು ಬಂದಿದ್ದೆ. ಪುಣ್ಯಾತ್ಮ ಅಂದಿದ್ದೆವಲ್ಲ ಅವನನ್ನು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಲಾರ ಎತ್ತಿಕೊಂಡು ಬಾಗಿಲ ಕಡೆ ನಡೆದೆ. ಹಿಂದಿನಿಂದ ಯಾರೋ ಸೆರಗು ಹಿಡಿದರು. ತ್ರಿವೇಣಿ. ಬಲಗೈಯನ್ನು ಅತ್ತೆಯ ಸೆರಗಿನಲ್ಲಿ ಜೋಳಿಗೆ ಕಟ್ಟಿ ಕೊರಳಿಗೆ ಹಾಕಿದ್ದರು, ಹಾಲಮ್ಮ ಹರಿದ ಸೀರೆಯಲ್ಲೇ ಅವಳ ಹಿಂದೆ ನಿಂತಿದ್ದಳು. ತ್ರಿವೇಣಿ ಎಡಗೈ ಚಾಚಿದಳು. "ನಿಮ್ಮ ಕೈ ಕೊಡಿ ಚೆನ್ನಾಜಮ್ಮಾ." "ನನ್ನ ಕೈ ಯಾಕೆ? ನಂದು ಬಿಳಿ ಕಣೇ. ಕಲ್ಲುಗುಂಡು ಅಂತ ಊರಿಗೇ ಗೊತ್ತು." ಹೇಳುತ್ತ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ಬೇರೆಯವರ ಕೈಯನ್ನು ಜನ್ಮವೆಲ್ಲ ಮಡಿಲಲ್ಲಿಟ್ಟುಕೊಂಡವಳು, ನನ್ನ ಕೈ ಯಾರಾದರೂ ಕೇಳಿದ್ದು ನೆನಪಿಲ್ಲ.

ಅವಳು ಬಿಡಲಿಲ್ಲ. ಸೆರಗಿನೊಳಗೆ ಕೈ ಹಾಕಿ ನನ್ನ ಬಲಗೈ ಹೊರಗೆಳೆದಳು. ಅಂಗೈ ಬಿಡಿಸಿದಳು. ಗಾಜು ಕೊಯ್ದ ಹಳೆಯ ಗೆರೆಗಳು, ಹೆಬ್ಬೆರಳ ಬುಡದ ಗಂಟು, ಬೆಳಗಾಗೆದ್ದರೆ ಮಡಿಸಲಾಗದ ಎರಡು ಬೆರಳು. ನಾನು ಬಳೆ ತೊಡಿಸುವ ಹಾಗೆಯೇ ಗಿಣ್ಣಿನಿಂದ ಗಿಣ್ಣಿಗೆ ತಡವಿಕೊಂಡು ಬಂದಳು. ಕಿಂಡಿಯೊಳಗಿಂದ ಷಣ್ಮುಖಪ್ಪ "ಅಕ್ಕಾ, ಬಾ ಇಲ್ಲಿ, ನಿನ್ನ ಬೊಂಬೆ ನೋಡು," ಎಂದು ಕೂಗಿದ. ನಾನು ಹೋಗಲಿಲ್ಲ.

"ನೋಯ್ತದಾ? ಇಲ್ಲಿ?" ಅಂದಳು ತ್ರಿವೇಣಿ.

"ಹೂಂ ಮಗಾ," ಅಂದೆ, "ಅಲ್ಲೇ."